ಹರಾತ್ಮಕ ಶ್ರೇಢಿ

ಯಾವ ಸಂಖ್ಯೆಗಳ ವ್ಯುತ್ಕ್ರಮಗಳು ಸಮಾಂತರ ಶ್ರೇಢಿಯಲ್ಲಿರುತ್ತವೆಯೋ ಆ ಸಂಖ್ಯೆಗಳ ಸಾಲನ್ನು, ಉದಾಹರಣೆಗೆ 1, 1/2, 1/3, 1/4 ಎಂಬುದನ್ನು, ಗಣಿತದಲ್ಲಿ ಹರಾತ್ಮಕ ಶ್ರೇಢಿ ಎನ್ನುತ್ತಾರೆ. ಇದರ ಇಂಗ್ಲಿಷ್ ರೂಪವಾದ ಹಾರ್ಮೋನಿಕ್ ಪ್ರೋಗ್ರೆಷನ್ ಎಂಬುದರ ಮೊದಲ ಪದವು ಜೋಡಣೆ, ಹೊಂದಿಕೆ ಎಂಬ ಅರ್ಥದ ‘ಹಾರ್ಮೋನಿಯ’ ಎಂಬ ಗ್ರೀಕ್ ಶಬ್ದದಿಂದ ಬಂದಿದ್ದು, ಸಂಗೀತದ ಮಾಧ್ಯಗಳನ್ನು ವಿವರಿಸಿದ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಟಾಸನ ಬರಹದಲ್ಲಿಯೇ ಗಣಿತದ ಪರಿಭಾಷೆಯಾಗಿ ಕಾಣಿಸುತ್ತದೆ. ಒಂದೇ ದಪ್ಪ ಮತ್ತು ಬಿಗಿತದ ತಂತಿಗಳ ಉದ್ದ 12, 8, 6 ಆಗಿದ್ದರೆ ಅವು ಕ್ರಮವಾಗಿ ಷಡ್ಜ, ಪಂಚಮ, ತಾರಷಡ್ಜಗಳನ್ನು ನುಡಿಯುತ್ತವೆ. ಇಲ್ಲಿ 8 ಎಂಬುದು ಉಳಿದೆರಡರ ಹರಾತ್ಮಕ ಮಾಧ್ಯ, ಅಂದರೆ ಹರಾತ್ಮಕ ಶ್ರೇಢಿಯಲ್ಲಿ ಅವೆರಡರ ನಡುವೆ ಬರುವ ಪದ.

ಮೀಟಿದ ತಂತಿಯು ಇಡಿಯಾಗಿ ಮಾತ್ರವಲ್ಲದೆ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಭಾಗಗಳಾಗಿಯೂ ಏಕಕಾಲದಲ್ಲಿ ಕಂಪಿಸುವುದರಿಂದ ಈ ಶ್ರೇಢಿ ನಾದದೊಳಗೇ ಅಡಕವಾಗಿದ್ದು, ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದೆ ಕೇಳಿಬರುವ ಸ್ವಯಂಭೂ ಗಾಂಧಾರವು ಅದರ ಐದನೆಯ ಪದಕ್ಕೆ, ಅಂದರೆ ತಂತಿಯ 1/5 ಭಾಗದ ಕಂಪನಕ್ಕೆ, ಸೇರಿದುದು. ಗಣಿತದ ಒಂದು ಪದ ಇಷ್ಟು ನೇರವಾಗಿ ಕಿವಿಗೆ ದಕ್ಕುವುದು ನಿಜಕ್ಕೂ ಅಪರೂಪ.

ಪಾಶ್ಚಾತ್ಯ ಸಂಗೀತಜ್ಞರು ಇದೇ ಇಂಗ್ಲಿಷ್ ಹೆಸರನ್ನು ಕಾರ್ಡ್‌ಗಳು, ಅಂದರೆ ಏಕಕಾಲದಲ್ಲಿ ನುಡಿಯುವ ಸ್ವರಗುಂಪುಗಳು, ಒಂದರ ಬೆನ್ನಿಗೆ ಒಂದು ಬರುವ ಕ್ರಮಕ್ಕೆ ಬಳಸುತ್ತಾರೆ. ಅಲ್ಲಿ ವ್ಯುತ್ಕ್ರಮದ ಲೆಕ್ಕವಿಲ್ಲವಾದ್ದರಿಂದ ಆ ಅರ್ಥಕ್ಕೆ ಕನ್ನಡದಲ್ಲಿ ಹರಾತ್ಮಕ ಶ್ರೇಢಿ ಎಂದು ಬರೆಯುವುದು ಸರಿಯಲ್ಲ.