ಲೋಹದ ಮೇಲ್ಮೈ ಅಳೆಯುವ ವಿದ್ಯೆ: ಅರದಿಂದ ನ್ಯಾನೋಮೀಟರಿನವರೆಗೆ

ಯಂತ್ರದ ಬಿಡಿಭಾಗಗಳು ಕೆಡುವುದು ಹೆಚ್ಚಾಗಿ ಮೈಮೇಲಿಂದಲೇ. ಸವೆತ, ತುಕ್ಕು, ಪದೇಪದೇ ಹೊರೆ ಬಿದ್ದು ಮೂಡುವ ಬಿರುಕು ಇವೆಲ್ಲ ಸಾಮಾನ್ಯವಾಗಿ ಅಲ್ಲೇ ಶುರುವಾಗುತ್ತವೆ. ಅದಕ್ಕೇ ಗೇರಿನ ಉಕ್ಕಿಗೆ ಇಂಗಾಲ ಹಿಡಿಸುತ್ತಾರೆ, ಬೋಲ್ಟಿಗೆ ಸತುವಿನ ಪ್ಲೇಟಿಂಗ್ ಕೊಡುತ್ತಾರೆ, ಅಲ್ಯೂಮಿನಿಯಮ್ಮಿಗೆ ಆನೋಡೈಸಿಂಗ್ ಮಾಡುತ್ತಾರೆ. ಈ ಸಂಸ್ಕಾರ ಸರಿಯಾಗಿ ಆಗಿದೆಯೇ ಎಂದು ಪರೀಕ್ಷಿಸುವ ವಿದ್ಯೆ ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ಬೆಳೆದುಬಂದಿದೆ. ಪದರ ತೆಳುವಾದಂತೆಲ್ಲ ಹಳೆಯ ಉಪಕರಣ ಸಾಲದಾಗಿ ಹೊಸದೊಂದು ಬಂದದ್ದೇ ಅದರ ಚರಿತ್ರೆ.

ಮೊದಲು ಗಡಸುತನ. ಹಿಂದೆ ಕಮ್ಮಟದವರು ಅರ ಉಜ್ಜಿ ನೋಡುತ್ತಿದ್ದರು: ಅರ ಕಚ್ಚಿದರೆ ಉಕ್ಕು ಮೆದು, ಜಾರಿದರೆ ಗಡಸು. ಅದಕ್ಕೆ ಅಂಕಿ ಕೊಟ್ಟವನು ಸ್ವೀಡನ್ನಿನ ಜೋಹಾನ್ ಆಗಸ್ಟ್ ಬ್ರಿನೆಲ್. ಅವನು 1900ರಲ್ಲಿ ಮುಂದಿಟ್ಟ ಪರೀಕ್ಷೆಯ ರೂಢಿಯ ರೂಪದಲ್ಲಿ 10 ಮಿ.ಮೀ. ಗುಂಡನ್ನು 3000 ಕಿಲೋ ಭಾರದಲ್ಲಿ ಒತ್ತಿ, ಉಳಿದ ಗುಳಿಯ ವ್ಯಾಸ ಅಳೆಯುತ್ತಾರೆ. ದಪ್ಪ ಎರಕಕ್ಕೆ ಇದು ಒಪ್ಪುತ್ತದೆ. ಹೀಟ್ ಟ್ರೀಟ್‌ಮೆಂಟ್ ಆದ ಬೇರಿಂಗಿನ ಬಳೆಗೆ ಆ ಗುಳಿ ತೀರಾ ದೊಡ್ಡದು. ಅಮೆರಿಕದ ಕನೆಕ್ಟಿಕಟ್‌ನ ಬೇರಿಂಗ್ ಕಾರ್ಖಾನೆಯಲ್ಲಿದ್ದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ ಇದಕ್ಕೆ ಪರಿಹಾರ ಹುಡುಕಿ 1914ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಅವರ ಯಂತ್ರ ಗುಳಿಯ ಅಗಲದ ಬದಲು ಆಳವನ್ನು ಹಿಡಿದು, ಡಯಲ್ ಮೇಲೆ ನೇರವಾಗಿ ಅಂಕಿ ತೋರಿಸಿತು.

1920ರ ದಶಕದ ಆರಂಭದಲ್ಲಿ ಬ್ರಿಟನ್ನಿನ ವಿಕರ್ಸ್ ಕಂಪನಿಯಲ್ಲಿ ಸ್ಮಿತ್ ಮತ್ತು ಸ್ಯಾಂಡ್‌ಲ್ಯಾಂಡ್ ರೂಪಿಸಿದ 136 ಡಿಗ್ರಿ ಕೋನದ ವಜ್ರದ ಮೊನೆ ಸಣ್ಣ ಭಾರಕ್ಕೂ ಒಗ್ಗಿತು. ಇಂಗಾಲ ಹಿಡಿಸಿದ ಗೇರನ್ನು ಇಂದಿಗೂ ಹೀಗೇ ಪರೀಕ್ಷಿಸುತ್ತಾರೆ: ಹಲ್ಲನ್ನು ಅಡ್ಡ ಕತ್ತರಿಸಿ, ಬೇಕಲೈಟಿನಲ್ಲಿ ಕೂರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿ, ಅಂಚಿನಿಂದ ಒಳಕ್ಕೆ ಸಾಲಾಗಿ ಪುಟ್ಟ ಗುಳಿಗಳನ್ನು ಒತ್ತುತ್ತಾರೆ. ಒಳಗೆ ಹೋದಂತೆ ಗುಳಿ ದೊಡ್ಡದಾಗುತ್ತದೆ, ಅಂಕಿ ಇಳಿಯುತ್ತದೆ. ಅದು 550 ವಿಕರ್ಸ್‌ಗೆ ಇಳಿದ ಜಾಗದವರೆಗಿನ ದೂರವನ್ನೇ ಗಡಸು ಪದರದ ಆಳವೆಂದು ಲೆಕ್ಕ ಹಿಡಿಯುವುದು ರೂಢಿ.

ಡ್ರಿಲ್ ಬಿಟ್‌ಗಳಿಗೆ ಬಂಗಾರದ ಬಣ್ಣದ ಟೈಟೇನಿಯಂ ನೈಟ್ರೈಡ್ ಲೇಪ ಬಂದಾಗ ಈ ವಿಧಾನವೂ ಸೋತಿತು. ತಳದ ಲೋಹದ ಪ್ರಭಾವ ಅಂಕಿಯಲ್ಲಿ ಸೇರಬಾರದೆಂದರೆ ಗುಳಿಯ ಆಳ ಲೇಪದ ಹತ್ತನೇ ಒಂದು ಭಾಗ ಮೀರಬಾರದು. ಲೇಪ 3 ಮೈಕ್ರಾನ್ ಎಂದರೆ ಗುಳಿ 0.3 ಮೈಕ್ರಾನ್ ಆಳ. ಅದರ ಕರ್ಣ ಸುಮಾರು 2 ಮೈಕ್ರಾನ್. ಸೂಕ್ಷ್ಮದರ್ಶಕದಲ್ಲಿ ಅದರ ಅಂಚು ಖಚಿತವಾಗಿ ಸಿಗುವುದಿಲ್ಲ. ಹಾಗಾಗಿ ಗುಳಿಯನ್ನು ನೋಡುವುದನ್ನೇ ಬಿಟ್ಟು, ಮೊನೆ ಇಳಿಯುವಾಗ ಮತ್ತು ಮೇಲೇಳುವಾಗ ಭಾರ ಹಾಗೂ ಆಳವನ್ನು ಒಟ್ಟಿಗೆ ದಾಖಲಿಸುವ ನ್ಯಾನೋ ಇಂಡೆಂಟೇಶನ್ ಬಂತು. 1992ರಲ್ಲಿ ಆಲಿವರ್ ಮತ್ತು ಫಾರ್ ಪ್ರಕಟಿಸಿದ ಲೆಕ್ಕಾಚಾರ ಅದಕ್ಕೆ ಭದ್ರ ತಳಹದಿ ಹಾಕಿತು.

ಒರಟುತನದ ಕಥೆಯೂ ಹೀಗೇ. ಉಗುರಿನಿಂದ ಗೀರಿ ಅಂದಾಜು ಮಾಡುತ್ತಿದ್ದ ಕಾಲ ಮುಗಿದು, 1941ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಟ್ಯಾಲಿಸರ್ಫ್ ಉಪಕರಣ ತಯಾರಾಯಿತು. ವಜ್ರದ ಸೂಜಿಯನ್ನು ಮೇಲ್ಮೈ ಮೇಲೆ ಎಳೆದು ಏರಿಳಿತದ ಗೆರೆ ಬರೆಸುವುದು ಅದರ ಕೆಲಸ. ಆದರೆ ಸರಾಸರಿ ಒರಟುತನವೊಂದನ್ನೇ ನಂಬುವಂತಿಲ್ಲ. ಎರಡು ಎಂಜಿನ್ ಸಿಲಿಂಡರುಗಳಲ್ಲಿ ಆ ಅಂಕಿ ಒಂದೇ ಇರಬಹುದು. ಒಂದರಲ್ಲಿ ರಿಂಗನ್ನು ತಿನ್ನುವ ಚೂಪು ಶಿಖರಗಳು, ಇನ್ನೊಂದರಲ್ಲಿ ಎಣ್ಣೆ ಹಿಡಿದಿಡುವ ಕಣಿವೆಗಳು ಇರಬಹುದು. ಈ ಭೇದವನ್ನು ತೋರಿಸುವ ವಕ್ರರೇಖೆಯನ್ನು ಆಬಟ್ ಮತ್ತು ಫೈರ್‌ಸ್ಟೋನ್ 1933ರಲ್ಲೇ ಕೊಟ್ಟಿದ್ದರು.

ಲೇಪದ ದಪ್ಪಕ್ಕೆ ಲೋಹ ನೋಡಿ ಉಪಕರಣ: ಉಕ್ಕಿನ ಮೇಲಿನ ಬಣ್ಣ ಅಥವಾ ಸತುವಿಗೆ ಕಾಂತೀಯ ವಿಧಾನ, ಆನೋಡೈಸ್ ಮಾಡಿದ ಅಲ್ಯೂಮಿನಿಯಮ್ಮಿಗೆ ಎಡ್ಡಿ ಕರೆಂಟ್, ಕನೆಕ್ಟರುಗಳ ಚಿನ್ನದ ತೆಳು ಲೇಪಕ್ಕೆ ಎಕ್ಸ್-ರೇ. ತುಕ್ಕು ತಡೆಯುವ ಶಕ್ತಿಗೆ 1939ರಲ್ಲಿ ಪ್ರಮಾಣೀಕೃತವಾದ ಸಾಲ್ಟ್ ಸ್ಪ್ರೇ ಪರೀಕ್ಷೆ ಈಗಲೂ ಬಳಕೆಯಲ್ಲಿದೆ: 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 5ರ ಉಪ್ಪುನೀರಿನ ಮಂಜು. ಇಷ್ಟು ಗಂಟೆ ತಡೆಯಿತೆಂದರೆ ಹೊರಗೆ ಇಷ್ಟು ವರ್ಷ ಬಾಳುತ್ತದೆ ಎಂದು ಲೆಕ್ಕ ಹಾಕುವುದು ಮಾತ್ರ ತಪ್ಪು. ಬ್ಯಾಚಿನಿಂದ ಬ್ಯಾಚಿಗೆ ಗುಣಮಟ್ಟ ಹೋಲಿಸುವುದಕ್ಕಷ್ಟೇ ಅದು ಸರಿ.

ಬೆಂಗಳೂರಿನಲ್ಲಿ ಯಂತ್ರೋಪಕರಣ ತಯಾರಿಸುವ ಎಚ್‌ಎಂಟಿ 1953ರಲ್ಲೂ ಈಗ ಸಿಎಂಟಿಐ ಎನಿಸಿಕೊಂಡಿರುವ ಯಂತ್ರೋಪಕರಣ ಸಂಶೋಧನಾ ಸಂಸ್ಥೆ 1962ರಲ್ಲೂ ಹುಟ್ಟಿದ ಮೇಲೆ ನಿಖರ ಅಳತೆಯ ಪರಂಪರೆ ಇಲ್ಲೂ ಬೇರೂರಿತು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೂ ಇಂದು ಪರೀಕ್ಷೆಯ ಸೌಲಭ್ಯ ದೂರದ ಮಾತಲ್ಲ. ಉಪಕರಣದ ಕೊರತೆಗಿಂತ ಹೆಚ್ಚು ತೊಂದರೆ ಕೊಡುವುದು ಅರ್ಧಂಬರ್ಧ ಬರೆದ ಡ್ರಾಯಿಂಗ್. ‘ಗಡಸುತನ 700’ ಎಂದಷ್ಟೇ ಬರೆದರೆ ಯಾವ ಮಾನ, ಯಾವ ಭಾರ, ಯಾವ ಜಾಗ ಎಂಬುದೊಂದೂ ತಿಳಿಯುವುದಿಲ್ಲ. ಒಂದೇ ತುಂಡು ಒಂದು ಪ್ರಯೋಗಾಲಯದಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲಾಗುತ್ತದೆ. ಡ್ರಾಯಿಂಗ್ ಬರೆಯುವವರು ಅಂಕಿಯ ಪಕ್ಕದಲ್ಲೇ ವಿಧಾನ, ಭಾರ, ಅಳೆಯಬೇಕಾದ ಜಾಗ ಈ ಮೂರನ್ನೂ ನಮೂದಿಸಲಿ.