ಬುದ್ಧಿಭ್ರಂಶವೂ ಮಿದುಳಿನ ಶ್ವೇತದ್ರವ್ಯವೂ

‘ಅರವತ್ತಕ್ಕೆ ಅರಳು ಮರಳು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಗಾದೆ. ಮುಪ್ಪಿನಲ್ಲಿ ಬುದ್ಧಿ ಮಂಕಾಗುವುದು ವಯೋಧರ್ಮವೇ ಹೊರತು ರೋಗವಲ್ಲವೆಂಬ ಭಾವನೆ ಅದರಲ್ಲಿ ಅಡಗಿದೆ. ಈ ಭಾವನೆಯನ್ನು ಆಧುನಿಕ ವೈದ್ಯಶಾಸ್ತ್ರವು ಪರೀಕ್ಷಿಸಿದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಬಹುದು.

ಮಿದುಳಿನ ಹೊರಪದರವು ನರಕೋಶಗಳ ಬೂದುದ್ರವ್ಯ. ಅದರ ಒಳಗಿರುವುದು, ಆ ಕೋಶಗಳನ್ನು ಒಂದಕ್ಕೊಂದು ಜೋಡಿಸುವ ತಂತುಗಳ ಶ್ವೇತದ್ರವ್ಯ. ತಂತುಗಳಿಗೆ ಹೊದಿಕೆಯಾದ ಮಯಲಿನ್ ಎಂಬ ಕೊಬ್ಬಿನಂತಹ ವಸ್ತುವೇ ಈ ಬಿಳುಪಿಗೆ ಕಾರಣ. 1894ರಲ್ಲಿ ಜರ್ಮನಿಯಲ್ಲಿದ್ದ ಓಟ್ಟೋ ಬಿನ್ಸ್‌ವಾಂಗರರು, ಶ್ವೇತದ್ರವ್ಯವು ಕ್ಷಯಿಸಿ ಬುದ್ಧಿಭ್ರಂಶವುಂಟಾಗುವ ರೋಗವೊಂದನ್ನು ವರ್ಣಿಸಿ, ರಕ್ತನಾಳಗಳು ಪೆಡಸಾಗುವುದೇ ಅದರ ಮೂಲವೆಂದು ಭಾವಿಸಿದರು. 1902ರಲ್ಲಿ ಆಲ್ಜೈಮರರು ಆ ರೋಗಕ್ಕೆ ಬಿನ್ಸ್‌ವಾಂಗರರ ಹೆಸರನ್ನೇ ಇಟ್ಟರು. ಆದರೆ ಇದೆಲ್ಲವೂ ಮರಣಾನಂತರ ಮಿದುಳನ್ನು ಕೊಯ್ದು ನೋಡಿ ಪಡೆದ ಜ್ಞಾನ. ಬದುಕಿರುವ ರೋಗಿಗೆ ಅದರಿಂದ ಪ್ರಯೋಜನವಾಗಲಿಲ್ಲ.

1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ನಿನಲ್ಲಿ, ಹೌನ್ಸ್‌ಫೀಲ್ಡರು ನಿರ್ಮಿಸಿದ ಸಿ.ಟಿ. ಯಂತ್ರವು ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. ಮುಂದೆ ಅನೇಕ ವೃದ್ಧರ ಚಿತ್ರಗಳಲ್ಲಿ ಶ್ವೇತದ್ರವ್ಯವು ಮಸುಕಾಗಿ ಕಂಡಿತು. ಎಂ.ಆರ್.ಐ. ಬಂದ ಮೇಲಂತೂ ಅದೇ ವಿಕಾರವು ಹೊಳೆಯುವ ಬಿಳಿಯ ಕಲೆಗಳಾಗಿ, ಇನ್ನೂ ಹೆಚ್ಚಾಗಿ ಗೋಚರಿಸತೊಡಗಿತು. ಇಲ್ಲಿ ಒಂದು ತೊಡಕು ತಲೆದೋರಿತು: ಸ್ಮೃತಿ ಚೆನ್ನಾಗಿದ್ದವರಲ್ಲಿಯೂ ಕಲೆಗಳಿದ್ದವು. ಅವರೆಲ್ಲರನ್ನೂ ಬಿನ್ಸ್‌ವಾಂಗರ್ ರೋಗಿಗಳೆನ್ನುವುದು ಹೇಗೆ?

1987ರಲ್ಲಿ ಕೆನಡದ ಹಚಿನ್ಸ್ಕಿ ಮತ್ತು ಸಂಗಡಿಗರು ಇದಕ್ಕೆ ‘ಲ್ಯೂಕೋಅರಯೋಸಿಸ್’ ಎಂಬ ಗ್ರೀಕ್ ಮೂಲದ ಹೆಸರನ್ನು ಸೂಚಿಸಿದರು. ಬಿಳಿಯ ಭಾಗವು ವಿರಳವಾಗಿದೆ ಎಂದಷ್ಟೇ ಅದರ ಅರ್ಥ. ಕಾರಣವನ್ನು ಊಹಿಸದೆ ಕಂಡದ್ದನ್ನು ಮಾತ್ರ ಹೇಳುವ ಈ ಸಂಯಮವು ಶಾಸ್ತ್ರಕ್ಕೆ ಭೂಷಣವೇ ಸರಿ. ಅದೇ ವರ್ಷ ಫಜೇಕಾಸರು ಕಲೆಗಳ ಪ್ರಮಾಣವನ್ನು 0ಯಿಂದ 3ರವರೆಗೆ ಅಳೆಯುವ ಕ್ರಮವನ್ನು ಪ್ರಕಟಿಸಿದರು. 1994ರಲ್ಲಿ ಬಾಸರ್ ಮತ್ತು ಸಂಗಡಿಗರು ನಿರೂಪಿಸಿದ ವಿಧಾನವು ಮತ್ತೊಂದು ಹೆಜ್ಜೆ. ನೀರಿನ ಕಣಗಳು ಅಖಂಡವಾದ ತಂತುಗಳ ಗುಂಟ ಸುಲಭವಾಗಿಯೂ ಅಡ್ಡಲಾಗಿ ಕಷ್ಟದಿಂದಲೂ ಚಲಿಸುತ್ತವೆ. ತಂತುಗಳು ಹಾಳಾದಂತೆ ಈ ಭೇದವು ಕುಗ್ಗುತ್ತದೆ. ಆದುದರಿಂದ ಕಲೆ ಮೂಡದ ಕಡೆಯಲ್ಲಿಯೂ ಹಾನಿಯನ್ನು ಗುರುತಿಸುವುದು ಸಾಧ್ಯವಾಯಿತು.

ಕಲೆ ಕಂಡ ಮಾತ್ರಕ್ಕೆ ಬುದ್ಧಿಭ್ರಂಶವೆಂದು ತೀರ್ಮಾನಿಸಲಾಗದು. ಆದರೆ ಕಲೆಗಳು ವ್ಯಾಪಕವಾದಂತೆ ಅದರ ಸಂಭವ ಹೆಚ್ಚುತ್ತದೆ. ಅಧಿಕ ರಕ್ತದೊತ್ತಡಕ್ಕೂ ಕಲೆಗಳಿಗೂ ನಿಕಟ ಸಂಬಂಧವಿದೆ. 2019ರಲ್ಲಿ ಪ್ರಕಟವಾದ ಅಮೆರಿಕದ ‘ಸ್ಪ್ರಿಂಟ್ ಮೈಂಡ್’ ಪ್ರಯೋಗದಲ್ಲಿ, ಮೇಲಿನ ಒತ್ತಡವನ್ನು 140ಕ್ಕೆ ಬದಲಾಗಿ 120ಕ್ಕಿಂತ ಕೆಳಗೆ ತರಲು ಯತ್ನಿಸಿದವರಲ್ಲಿ ಕಲೆಗಳ ಬೆಳವಣಿಗೆ ಕಡಿಮೆಯಾಗಿತ್ತು. ಸ್ಮೃತಿಯ ಸೌಮ್ಯ ಕುಂದೂ ಕಡಿಮೆಯಾಗಿತ್ತು. ಬುದ್ಧಿಭ್ರಂಶವೇ ತಗ್ಗಿತೆಂದು ಮಾತ್ರ ಖಚಿತವಾಗಿ ಸಿದ್ಧವಾಗಲಿಲ್ಲ. ಇಷ್ಟಾದರೂ ವಯೋಧರ್ಮವೆಂದು ನಾವು ಕೈಬಿಟ್ಟ ವಿಷಯದಲ್ಲಿ ಒಂದಂಶವಾದರೂ ರಕ್ತನಾಳಗಳ ವ್ಯಾಧಿಯೆಂಬುದು ಸ್ಪಷ್ಟ. ಅದರ ಆರೈಕೆ ಮುಪ್ಪಿಗಾಗಿ ಕಾಯದೆ ನಡುವಯಸ್ಸಿನಲ್ಲಿಯೇ ಆರಂಭವಾಗತಕ್ಕದ್ದು.