ಅತ್ಯಂತ

ಎಲ್ಲೆ ಮೀರಿದ, ಪೂರ್ಣವಾದ ಎಂಬರ್ಥದ ಸಂಸ್ಕೃತ ಪದ. ‘ಅತಿ’ ಮತ್ತು ‘ಅಂತ’ ಯಣ್ ಸಂಧಿಯಿಂದ ಕೂಡಿ ಆದದ್ದು. ಪಾಣಿನಿಯ ವ್ಯಾಕರಣದಲ್ಲಿ ‘ಅತ್ಯಂತಸಂಯೋಗ’ವೆಂದರೆ ನಡುವೆ ಕಡಿಯದ ಸಂಬಂಧ; ತಿಂಗಳಿಡೀ ಓದಿದ ಎನ್ನುವಾಗ ಸಂಸ್ಕೃತದಲ್ಲಿ ಕಾಲವಾಚಿಗೆ ದ್ವಿತೀಯಾ ವಿಭಕ್ತಿ ಬರುವುದು ಇದರಿಂದಲೇ. ನ್ಯಾಯಶಾಸ್ತ್ರದ ‘ಅತ್ಯಂತಾಭಾವ’ ಮೂರು ಕಾಲದಲ್ಲೂ ಇಲ್ಲದಿರುವಿಕೆ. ಗಾಳಿಯಲ್ಲಿ ಬಣ್ಣವಿಲ್ಲದಿರುವುದು ಇದಕ್ಕೆ ಉದಾಹರಣೆ. ಕನ್ನಡದಲ್ಲಿ ‘ಎಲ್ಲಕ್ಕಿಂತ ಹೆಚ್ಚು’ ಎಂಬರ್ಥವೇ ಗಟ್ಟಿಯಾಗಿದೆ. ‘ಅತ್ಯಂತ ಶ್ರೇಷ್ಠತಮ’ ಎಂದು ಬರೆಯುವುದು ಸಲ್ಲದು, ‘ತಮ’ದಲ್ಲೇ ಆ ಅರ್ಥವಿದೆ.

ಆಡಳಿತ ಭಾಷೆಯಲ್ಲಿ ಈ ಪದಕ್ಕೆ ಅಳತೆಯ ತೂಕ ಬಂದದ್ದು ಪ್ರಾದೇಶಿಕ ಅಸಮತೋಲನ ಕುರಿತ 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿಯಿಂದ. 35 ಸೂಚಕಗಳನ್ನು ಇಟ್ಟುಕೊಂಡು ಅದು ಕರ್ನಾಟಕದ 114 ತಾಲ್ಲೂಕುಗಳನ್ನು ಹಿಂದುಳಿದ (35), ಅತಿ ಹಿಂದುಳಿದ (40), ಅತ್ಯಂತ ಹಿಂದುಳಿದ (39) ಎಂದು ವಿಂಗಡಿಸಿತು. ಈಗಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಹರಪನಹಳ್ಳಿ ‘ಅತ್ಯಂತ’ದ ಪಟ್ಟಿಗೆ ಬಂದವು, ಹಡಗಲಿ, ಹಗರಿಬೊಮ್ಮನಹಳ್ಳಿ ‘ಅತಿ’ಯ ಪಟ್ಟಿಗೆ. ಈಗ ಬೇರೆ ತಾಲ್ಲೂಕಾಗಿರುವ ಕೊಟ್ಟೂರು ಆಗ ಕೂಡ್ಲಿಗಿಯೊಳಗೇ ಇತ್ತು. ಮಳೆಯನ್ನೇ ನಂಬಿದ ಈ ಸೀಮೆಯ ಆಡುಮಾತಿನಲ್ಲಿ ‘ಭಾಳ’ ಎಂದರೆ ಸಾಕು. ಅನುದಾನ ಕೇಳುವ ಮನವಿಯಲ್ಲಿ ಮಾತ್ರ ‘ಅತ್ಯಂತ’ ಬೇಕೇ ಬೇಕು. ಈ ಐದೂ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ.